ಶುಗರ್ ನಾರ್ಮಲ್, ಇನ್ಸುಲಿನ್ ಜಾಸ್ತಿ: ಪಿಸಿಒಎಸ್ ಒಳಗೆ ನಡೆಯುವುದೇನು?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವಿಡೀ ಹಬ್ಬಿದ್ದು ನೆನಪಿರಬೇಕು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಸಾಲು ನಿಂತಿತ್ತು. ಅಲ್ಲಿಂದೀಚೆಗೆ ನಮ್ಮ ಕಡೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮಾತು ಬರದ ಮನೆಯೇ ಕಡಿಮೆ. ಅಪ್ಪನಿಗೆ ಟೆಸ್ಟ್ ಆಯಿತು, ಅಮ್ಮನಿಗೂ ಆಯಿತು. ಅದೇ ಮನೆಯ ಇಪ್ಪತ್ತೆರಡು ವರ್ಷದ ಮಗಳ ಫೈಲ್ ಮಾತ್ರ ಬೀರುವಿನಲ್ಲೇ ಉಳಿದಿರುತ್ತದೆ. ಅದರಲ್ಲಿ ಒಂದು ಸ್ಕ್ಯಾನಿಂಗ್ ರಿಪೋರ್ಟ್, ‘ಪಿಸಿಒಡಿ’ ಅಂತ ಬರೆದ ಚೀಟಿ, ಅರ್ಧಕ್ಕೆ ಬಿಟ್ಟ ಮಾತ್ರೆಯ ಸ್ಟ್ರಿಪ್. ಅದು ಮುಟ್ಟಿನ ತೊಂದರೆ, ಶುಗರ್‌ಗೂ ಅದಕ್ಕೂ ಏನು ಸಂಬಂಧ ಅಂತ ಎಲ್ಲರೂ ಸುಮ್ಮನಾಗಿರುತ್ತಾರೆ.

ಸಂಬಂಧ ಇದೆ, ಹತ್ತಿರದ್ದೇ ಇದೆ. ಸರ್ಕಾರದವರು ಮನೆಮನೆಗೆ ಬಂದು ಮಾಡುವ ಶುಗರ್, ಬಿಪಿ ತಪಾಸಣೆ 30 ವರ್ಷ ದಾಟಿದವರಿಗೆ. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಆ ಚೀಟಿಯ ‘ಪಿಸಿಒಡಿ’ಯೇ) ಇರುವ ಹುಡುಗಿಯ ಮೈಯಲ್ಲಿ ಇನ್ಸುಲಿನ್ ಏರುಪೇರು ಅದಕ್ಕೆ ಹತ್ತು ವರ್ಷ ಮುಂಚೆಯೇ ಶುರುವಾಗಿರಬಹುದು. ಆಗ ಶುಗರ್ ನೋಡಿದರೆ ನಾರ್ಮಲ್ ಅಂತಲೇ ಬರುತ್ತದೆ. ಗೊಂದಲ ಆಗುವುದೇ ಇಲ್ಲಿ.

ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಗಡ್ಡೆ ಅಲ್ಲ

ನಮ್ಮ ಕಡೆ ಪಿಸಿಒಡಿ ಅನ್ನುವವರೇ ಜಾಸ್ತಿ, ಡಾಕ್ಟರ್‌ಗಳು ಪಿಸಿಒಎಸ್ ಅಂತ ಬರೆಯುತ್ತಾರೆ. ಈ ಲೇಖನದ ಮಟ್ಟಿಗೆ ಎರಡೂ ಒಂದೇ. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹಳಷ್ಟು ಜನರಿಗೆ ತಮಗಿದೆ ಅನ್ನುವುದೇ ಗೊತ್ತಿಲ್ಲ.

ರಿಪೋರ್ಟ್‌ನಲ್ಲಿ ‘ಅಂಡಾಶಯದಲ್ಲಿ ನೀರುಗುಳ್ಳೆಗಳು’ ಅಂತ ಓದಿದ ಕೂಡಲೇ ಮನೆಯವರು ಆಪರೇಷನ್ ಬೇಕಾ ಅಂತ ಕೇಳುತ್ತಾರೆ. ಬೇಡ. ಅವು 2ರಿಂದ 9 ಮಿಲಿಮೀಟರ್‌ನ ಪುಟ್ಟ ಚೀಲಗಳು. ಹೆಸರು ಫಾಲಿಕಲ್. ಒಂದೊಂದರಲ್ಲೂ ಒಂದು ಅಂಡ ಇರುತ್ತದೆ. ಎಲ್ಲ ಹೆಣ್ಣುಮಕ್ಕಳಲ್ಲೂ ಪ್ರತಿ ತಿಂಗಳು ಹಲವು ಫಾಲಿಕಲ್‌ಗಳು ಬೆಳೆಯಲು ಶುರು ಮಾಡುತ್ತವೆ. ಅದರಲ್ಲಿ ಒಂದು ಮುಂದೆ ಹೋಗಿ, ಒಡೆದು, ಅಂಡ ಹೊರಗೆ ಬರುತ್ತದೆ. ಅದಾಗಿ ಎರಡು ವಾರಕ್ಕೆ ಮುಟ್ಟು. ಪಿಸಿಒಎಸ್‌ನಲ್ಲಿ ಅನೇಕ ಫಾಲಿಕಲ್‌ಗಳು ಹೊರಡುತ್ತವೆ, ಅರ್ಧದಾರಿಯಲ್ಲೇ ನಿಲ್ಲುತ್ತವೆ. ಅಂಡ ಹೊರಬರದಿದ್ದರೆ ಮುಟ್ಟು ತಡ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಹೀಗೆ ನಿಂತುಹೋದ ಫಾಲಿಕಲ್‌ಗಳೇ.

ಪಿಸಿಒಎಸ್ ಎಂದು ಹೇಳಲು ಡಾಕ್ಟರ್‌ಗಳು ಮೂರು ವಿಷಯ ನೋಡುತ್ತಾರೆ. ಮುಟ್ಟು ಸರಿಯಾಗಿ ಆಗದಿರುವುದು ಒಂದು. ಆಂಡ್ರೊಜನ್, ಅಂದರೆ ಗಂಡಸರಲ್ಲಿ ಜಾಸ್ತಿ ಇರುವ ಹಾರ್ಮೋನ್, ಏರಿರುವುದು ಇನ್ನೊಂದು. ಇದನ್ನು ಮುಖದ ಕೂದಲು, ಮೊಡವೆ ನೋಡಿ ಅಥವಾ ರಕ್ತ ಪರೀಕ್ಷೆಯಿಂದ ತಿಳಿಯುತ್ತಾರೆ. ಮೂರನೆಯದು ಸ್ಕ್ಯಾನಿಂಗ್. ಮೂರರಲ್ಲಿ ಎರಡು ಇದ್ದು, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನ್) ಏರುಪೇರಿನ ತರಹದ ಬೇರೆ ಕಾರಣ ಇಲ್ಲ ಎಂದು ಖಚಿತವಾದರೆ ಪಿಸಿಒಎಸ್. ಅಂದರೆ ಸ್ಕ್ಯಾನಿಂಗ್ ಒಂದನ್ನೇ ಹಿಡಿದು ತೀರ್ಮಾನ ಮಾಡುವ ಹಾಗಿಲ್ಲ. ಅದರಲ್ಲೂ ಮೈನೆರೆದು 8 ವರ್ಷ ಆಗುವವರೆಗೆ ಇದಕ್ಕಾಗಿ ಸ್ಕ್ಯಾನಿಂಗ್ ಬೇಡ ಎನ್ನುತ್ತದೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯರ ಅಂಡಾಶಯದಲ್ಲೂ ತುಂಬಾ ಫಾಲಿಕಲ್‌ಗಳು ಕಾಣುತ್ತವೆ. ಪಿಯುಸಿ ಹುಡುಗಿಗೆ ಸ್ಕ್ಯಾನ್ ಮಾಡಿಸಿ ‘ಪಿಸಿಒಡಿ’ ಅಂತ ಹಣೆಪಟ್ಟಿ ಕಟ್ಟುವುದು ನಮ್ಮಲ್ಲಿ ಅತಿಯಾಗಿದೆ ಅನ್ನುವುದು ನನ್ನ ಅನಿಸಿಕೆ.

ಇನ್ಸುಲಿನ್ ಮಾಡುವ ಕೆಲಸ

ಹೊಟ್ಟೆಯ ಹಿಂದುಗಡೆ ಮೇದೋಜೀರಕ ಗ್ರಂಥಿ ಇದೆ. ಇನ್ಸುಲಿನ್ ಬರುವುದು ಅಲ್ಲಿಂದ. ಮುದ್ದೆ, ಅನ್ನ, ಅಕ್ಕಿರೊಟ್ಟಿ ಏನೇ ತಿನ್ನಿ, ಅದರ ಪಿಷ್ಟ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಇನ್ಸುಲಿನ್ ಹೊರಟು ಮೂರು ಕಡೆ ಸುದ್ದಿ ಮುಟ್ಟಿಸುತ್ತದೆ. ಸ್ನಾಯುಗಳಿಗೆ ‘ಸಕ್ಕರೆ ಬಂದಿದೆ, ಒಳಗೆ ತಗೊಳ್ಳಿ’ ಅಂತ. ಲಿವರ್‌ಗೆ ‘ನೀನು ಸಕ್ಕರೆ ತಯಾರಿಸೋದು ನಿಲ್ಲಿಸು’ ಅಂತ. ಕೊಬ್ಬಿಗೆ ‘ಕೂಡಿಟ್ಟದ್ದನ್ನು ಈಗ ಬಿಚ್ಚಬೇಡ’ ಅಂತ. ಇನ್ಸುಲಿನ್ ಮಾತಿಗೆ ರಕ್ತದಿಂದ ಹೊರಡುವ ಸಕ್ಕರೆಯಲ್ಲಿ ದೊಡ್ಡ ಪಾಲು ಸ್ನಾಯುಗಳಿಗೇ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ಸುಲಿನ್ ರೆಸಿಸ್ಟೆನ್ಸ್ ಅಂದರೆ ಈ ಸುದ್ದಿ ಸ್ನಾಯು, ಲಿವರ್, ಕೊಬ್ಬಿಗೆ ಸರಿಯಾಗಿ ಮುಟ್ಟದಿರುವುದು. ಇನ್ಸುಲಿನ್ ಇದೆ, ಆದರೆ ಅಷ್ಟೇ ಇನ್ಸುಲಿನ್‌ಗೆ ಮೊದಲಿನಷ್ಟು ಕೆಲಸ ಆಗುತ್ತಿಲ್ಲ. ಗ್ರಂಥಿ ಏನು ಮಾಡುತ್ತದೆ? ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಒಂದಾಗುವ ಕಡೆ ಎರಡು ಬಿಟ್ಟರೆ ಕೆಲಸ ಮುಗಿಯುತ್ತದೆ, ಸಕ್ಕರೆ ಇಳಿಯುತ್ತದೆ. ಲ್ಯಾಬ್‌ಗೆ ಹೋದರೆ ಫಾಸ್ಟಿಂಗ್ ಶುಗರ್ 92, ನಾರ್ಮಲ್. ಆ 92 ಉಳಿಸಿಕೊಳ್ಳಲು ಗ್ರಂಥಿ ಎಷ್ಟು ದುಡಿಯಿತು ಅನ್ನುವುದು ಆ ಚೀಟಿಯಲ್ಲಿ ಇರುವುದಿಲ್ಲ. ಹೀಗೆ ವರ್ಷಗಟ್ಟಲೆ ನಡೆಯಬಹುದು. ಗ್ರಂಥಿ ಸುಸ್ತಾಗಿ ಹಿಂದೆ ಬಿದ್ದ ದಿನ ಶುಗರ್ ಏರಲು ಶುರು.

ಸ್ನಾಯುವಿಗೆ ಕೇಳದ ದನಿ ಅಂಡಾಶಯಕ್ಕೆ ಕೇಳುತ್ತದೆ

ಊರ ಜಾತ್ರೆಯಲ್ಲಿ ಹರಿಕಥೆ ನಡೀತಿದೆ ಅಂದುಕೊಳ್ಳಿ. ಹಿಂದೆ ಕೂತವರು ‘ಕೇಳ್ತಾ ಇಲ್ಲ’ ಅಂತ ಕೂಗುತ್ತಾರೆ. ಮೈಕ್‌ಸೆಟ್‌ನವನು ವಾಲ್ಯೂಮ್ ಏರಿಸುತ್ತಾನೆ. ಹಿಂದಿನವರಿಗೆ ಈಗ ಪರವಾಗಿಲ್ಲ, ಆದರೆ ಸ್ಪೀಕರ್ ಪಕ್ಕದಲ್ಲೇ ಕೂತ ಅಜ್ಜಿಯರ ಕಿವಿ ತೂತು ಬೀಳುತ್ತದೆ. ಪಿಸಿಒಎಸ್‌ನಲ್ಲಿ ಸ್ನಾಯು ಹಿಂದೆ ಕೂತವರ ಕಡೆ. ಅಂಡಾಶಯ ಸ್ಪೀಕರ್ ಪಕ್ಕ. ಸ್ನಾಯುಗಳ ಸಲುವಾಗಿ ಏರಿದ ಇನ್ಸುಲಿನ್ ಅಂಡಾಶಯಕ್ಕೆ ಪೂರ್ತಿ ಕೇಳಿಸುತ್ತದೆ.

ಕೇಳಿಸಿದರೆ ಆಗುವುದು ಇದು. ಫಾಲಿಕಲ್ ಸುತ್ತಲಿನ ಜೀವಕೋಶಗಳು ಮೊದಲೇ ಆಂಡ್ರೊಜನ್ ತಯಾರಿಸುತ್ತವೆ. ಹೆಂಗಸರಿಗೂ ಅದು ಸ್ವಲ್ಪ ಬೇಕು, ಈಸ್ಟ್ರೊಜನ್ ಆಗುವುದೇ ಅದರಿಂದ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನ್ ಅದಕ್ಕೆ ಅಪ್ಪಣೆ ಕೊಡುತ್ತದೆ. ಇನ್ಸುಲಿನ್ ಜಾಸ್ತಿ ಇದ್ದರೆ ಆ ಅಪ್ಪಣೆಗೆ ಕುಮ್ಮಕ್ಕು ಸಿಕ್ಕಂತೆ. ಆಂಡ್ರೊಜನ್ ಬೇಕಾದ್ದಕ್ಕಿಂತ ಜಾಸ್ತಿ ಆಗುತ್ತದೆ, ಫಾಲಿಕಲ್‌ಗಳು ನಡುವೆ ನಿಲ್ಲುತ್ತವೆ.

ಲಿವರ್‌ನಲ್ಲಿ ಇನ್ನೊಂದು ಆಟ ನಡೆಯುತ್ತದೆ. ರಕ್ತದಲ್ಲಿರುವ ಟೆಸ್ಟೊಸ್ಟೆರಾನ್ ಎಲ್ಲವೂ ಕೆಲಸಕ್ಕೆ ಇಳಿಯುವುದಿಲ್ಲ. ಲಿವರ್ ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಅದರ ದೊಡ್ಡ ಪಾಲನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ಸುಲಿನ್ ಏರಿದಾಗ ಲಿವರ್ ಈ ಪ್ರೋಟೀನ್ ಕಡಿಮೆ ಮಾಡುತ್ತದೆ. ಹಿಡಿಯುವವರು ಕಡಿಮೆಯಾದರೆ ಬಿಡಿಯಾಗಿ ಓಡಾಡುವ ಟೆಸ್ಟೊಸ್ಟೆರಾನ್ ಜಾಸ್ತಿ. ಕೆಲವರ ರಿಪೋರ್ಟ್‌ನಲ್ಲಿ ಒಟ್ಟು ಟೆಸ್ಟೊಸ್ಟೆರಾನ್ ಸರಿಯಾಗಿದ್ದರೂ ಗಲ್ಲದ ಮೇಲೆ ಗಡುಸು ಕೂದಲು, ದವಡೆಯ ಅಂಚಲ್ಲಿ ಮೊಡವೆ, ನಡುನೆತ್ತಿಯಲ್ಲಿ ಬೈತಲೆ ಅಗಲ ಆಗುವುದಕ್ಕೆ ಇದೂ ಒಂದು ಕಾರಣ.

ಅಷ್ಟಕ್ಕೇ ಮುಗಿಯುವುದಿಲ್ಲ. ಜಾಸ್ತಿಯಾದ ಆಂಡ್ರೊಜನ್ ಹೊಟ್ಟೆಯ ಒಳಗೆ ಕೊಬ್ಬು ಕೂಡಲು ದಾರಿ ಮಾಡುತ್ತದೆ. ಆ ಕೊಬ್ಬು ಇನ್ಸುಲಿನ್ ರೆಸಿಸ್ಟೆನ್ಸನ್ನು ಇನ್ನೂ ಹೆಚ್ಚಿಸುತ್ತದೆ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಈ ಕೊಂಡಿ ಗೊತ್ತಾಗಲು ತುಂಬಾ ಕಾಲ ಹಿಡಿಯಿತು. 1921ರಲ್ಲಿ ಫ್ರಾನ್ಸಿನ ಅಶಾರ್ ಮತ್ತು ತಿಯೆರ್ ಎಂಬ ವೈದ್ಯರು ಮುಖದಲ್ಲಿ ಕೂದಲು ಬಂದ ಹೆಂಗಸರಲ್ಲಿ ಸಕ್ಕರೆ ಕಾಯಿಲೆಯೂ ಇರುವುದನ್ನು ಬರೆದಿದ್ದರು. ಅದೇ ವರ್ಷ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1935ರಲ್ಲಿ ಶಿಕಾಗೊದ ಸ್ಟೈನ್ ಮತ್ತು ಲೆವೆಂಥಾಲ್ ಮುಟ್ಟು ನಿಂತ, ಅಂಡಾಶಯ ದಪ್ಪಗಾದ 7 ಹೆಂಗಸರ ವಿವರ ಪ್ರಕಟಿಸಿದರು. ಆಮೇಲೆ ದಶಕಗಟ್ಟಲೆ ಅಂಡಾಶಯದ ಒಂದು ತುಂಡು ಕತ್ತರಿಸಿ ತೆಗೆಯುವುದೇ ಚಿಕಿತ್ಸೆಯಾಗಿತ್ತು. ಪಿಸಿಒಎಸ್ ಇರುವವರ ರಕ್ತದಲ್ಲಿ ಇನ್ಸುಲಿನ್ ಏರಿರುತ್ತದೆ, ಅದು ಆಂಡ್ರೊಜನ್ ಜೊತೆಜೊತೆಗೇ ಏರುತ್ತದೆ ಎಂಬುದನ್ನು ತೋರಿಸಿದ್ದು 1980ರಲ್ಲಿ.

ಸಣ್ಣಗಿರುವವರಿಗೂ ಬರುತ್ತದಾ?

ಬರುತ್ತದೆ. ತೂಕ ಜಾಸ್ತಿ ಇದ್ದರೆ ರೆಸಿಸ್ಟೆನ್ಸ್ ಹೆಚ್ಚುತ್ತದೆ ನಿಜ. ಆದರೆ ಪಿಸಿಒಎಸ್‌ಗೆ ಅದರದೇ ಆದ ರೆಸಿಸ್ಟೆನ್ಸ್ ಒಂದಿದೆ, ಅದು ಸಪೂರ ಇರುವವರಲ್ಲೂ ಕಾಣುತ್ತದೆ. ಮನೆತನದಲ್ಲಿ ಹರಿದು ಬರುವ ಗುಣ ಇದರಲ್ಲಿ ಬಹಳ. ಅಮ್ಮನಿಗೋ ಸೋದರತ್ತೆಗೋ ಶುಗರ್ ಇದ್ದರೆ ಡಾಕ್ಟರ್‌ಗೆ ಹೇಳಲೇಬೇಕು.

ಇನ್ನೊಂದು ನಮ್ಮ ದೇಶದವರ ಮೈಕಟ್ಟಿನ ವಿಚಾರ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ತಕ್ಕಡಿ ಸುಳ್ಳು ಹೇಳುವುದು ಇಂಥವರ ವಿಷಯದಲ್ಲೇ. ಅದಕ್ಕೆ ಏಷ್ಯಾದವರಿಗೆ ಅಳತೆಯೇ ಬೇರೆ ಇಟ್ಟಿದ್ದಾರೆ: ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 23 ದಾಟಿದರೆ ತೂಕ ಜಾಸ್ತಿ, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಟೈಲರ್ ಟೇಪ್ ಸಾಕು, ಹೊಕ್ಕುಳ ಹತ್ತಿರ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ.

ಕತ್ತಿನ ಕಪ್ಪು ಉಜ್ಜಿದರೆ ಹೋಗುವುದಿಲ್ಲ

ಕತ್ತಿನ ಹಿಂದೆ, ಕಂಕುಳಲ್ಲಿ, ಕೆಲವರಿಗೆ ತೊಡೆಸಂದಿಯಲ್ಲಿ ಚರ್ಮ ಕಪ್ಪಾಗಿ ಸ್ವಲ್ಪ ದಪ್ಪ ಆಗುತ್ತದೆ. ಪಕ್ಕದಲ್ಲೇ ನರೂಲಿಯ ಹಾಗೆ ಜೋತುಬಿದ್ದ ಸಣ್ಣ ತುಣುಕುಗಳೂ ಇರಬಹುದು. ರಕ್ತದಲ್ಲಿ ಇನ್ಸುಲಿನ್ ಏರಿದಾಗ ಅದು ಚರ್ಮದ ಜೀವಕೋಶಗಳನ್ನೂ ಕೆಣಕಿ ಬೇಗ ಬೇಗ ಬೆಳೆಸುತ್ತದೆ, ಅದರ ಗುರುತು ಇದು. ಮನೆಯಲ್ಲಿ ಮಾತ್ರ ‘ಸರಿಯಾಗಿ ಸ್ನಾನ ಮಾಡಲ್ಲ’ ಅಂತ ಬೈಗುಳ, ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ ಹಾಕಿ ತಿಕ್ಕುವುದು. ಅದು ಕೊಳೆ ಅಲ್ಲ. ತಿಕ್ಕಿದಷ್ಟೂ ಚರ್ಮ ಉರಿಯುತ್ತದೆ ಅಷ್ಟೆ. ಇನ್ಸುಲಿನ್ ಇಳಿದಂತೆ ಅದು ನಿಧಾನಕ್ಕೆ ತಿಳಿಯಾಗುತ್ತದೆ. ದುಡ್ಡು ಕೊಟ್ಟು ಮಾಡಿಸುವ ಎಷ್ಟೋ ಟೆಸ್ಟ್‌ಗಳಿಗಿಂತ ಈ ಕತ್ತು ಹೆಚ್ಚು ಹೇಳುತ್ತದೆ.

ಯಾವ ಟೆಸ್ಟ್ ಮಾಡಿಸಬೇಕು?

ಹಾಗಾದರೆ ಇನ್ಸುಲಿನ್ನೇ ಅಳೆದುಬಿಡಬಹುದಲ್ವಾ? ಲ್ಯಾಬ್‌ಗಳ ಪ್ಯಾಕೇಜ್‌ನಲ್ಲಿ ಫಾಸ್ಟಿಂಗ್ ಇನ್ಸುಲಿನ್ ಇರುತ್ತದೆ. ಆದರೆ ಲ್ಯಾಬ್‌ನಿಂದ ಲ್ಯಾಬ್‌ಗೆ ಅಂಕಿ ಬದಲಾಗುತ್ತದೆ, ಇಷ್ಟಕ್ಕಿಂತ ಹೆಚ್ಚಾದರೆ ಕಾಯಿಲೆ ಎನ್ನುವ ಒಪ್ಪಿತ ಗೆರೆ ಇಲ್ಲ. ದಿನನಿತ್ಯದ ಚಿಕಿತ್ಸೆಗೆ ಅದು ಬೇಡ ಎಂದೇ 2023ರ ಮಾರ್ಗಸೂಚಿ ಹೇಳುತ್ತದೆ. ಬೇಕಾಗಿರುವುದು ಗ್ಲೂಕೋಸ್ ಕುಡಿಸಿ ನೋಡುವ ಜಿಟಿಟಿ. ತೂಕ, ವಯಸ್ಸು ಎಷ್ಟೇ ಇರಲಿ, ಪಿಸಿಒಎಸ್ ಇದ್ದವರಿಗೆಲ್ಲ.

ಅದು ನಡೆಯುವುದು ಹೀಗೆ. ರಾತ್ರಿ ಊಟ ಆದ ಮೇಲೆ 8 ಗಂಟೆ ಏನೂ ತಿನ್ನುವಂತಿಲ್ಲ, ನೀರು ಕುಡಿಯಬಹುದು. ಹಿಂದಿನ ಮೂರು ದಿನ ಮಾಮೂಲಿ ಊಟವೇ ಇರಲಿ, ಟೆಸ್ಟ್ ಇದೆ ಅಂತ ಅನ್ನ ಬಿಡಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡಬೇಕು. ಆಮೇಲೆ 75 ಗ್ರಾಂ ಗ್ಲೂಕೋಸ್ ಪುಡಿ ಕಲಸಿದ ಒಂದು ಲೋಟ ನೀರು ಕೊಡುತ್ತಾರೆ. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ವಾಕರಿಕೆ ಬರುವಷ್ಟು ಸಿಹಿ, ಕೆಲವು ಕಡೆ ನಿಂಬೆಹಣ್ಣು ಹಿಂಡಿಕೊಡುತ್ತಾರೆ. ವಾಂತಿ ಆದರೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಎರಡು ಗಂಟೆ ಕೂತೇ ಇರಬೇಕು. ಆಲೂರಿನಿಂದಲೋ ಮೂಡಿಗೆರೆಯಿಂದಲೋ ಮೊದಲ ಬಸ್ಸಿಗೆ ಬಂದವರು ‘ಎರಡು ಗಂಟೆ ಇದೆಯಲ್ಲ, ಒಂದು ರೌಂಡ್ ಅಂಗಡಿಗೆ ಹೋಗಿ ಬರೋಣ’ ಅಂದುಕೊಳ್ಳುತ್ತಾರೆ. ನಡೆದಾಡಿದರೆ ಸ್ನಾಯು ಸಕ್ಕರೆ ಎಳೆದುಕೊಂಡು ರಿಪೋರ್ಟ್ ಸುಮ್ನೆ ಚೆನ್ನಾಗಿ ಬಂದುಬಿಡುತ್ತದೆ. ಕಾಫಿಯೂ ಬೇಡ. ಎರಡು ಗಂಟೆಗೆ ಇನ್ನೊಮ್ಮೆ ರಕ್ತ, ಮುಗಿಯಿತು.

ಸಾಮಾನ್ಯವಾಗಿ ಬಳಸುವ ಲೆಕ್ಕದಲ್ಲಿ ಖಾಲಿ ಹೊಟ್ಟೆಯದು 100ಕ್ಕಿಂತ ಕಡಿಮೆ, ಎರಡು ಗಂಟೆಯದು 140ಕ್ಕಿಂತ ಕಡಿಮೆ ಇದ್ದರೆ ಸರಿ. ಖಾಲಿ ಹೊಟ್ಟೆಗೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವಿನದು ಪ್ರೀಡಯಾಬಿಟಿಸ್. ಪಿಸಿಒಎಸ್‌ನಲ್ಲಿ ಖಾಲಿ ಹೊಟ್ಟೆಯದು ಚೆನ್ನಾಗಿದ್ದು ಎರಡು ಗಂಟೆಯದು ಮಾತ್ರ ಏರಿರುವುದು ಅಪರೂಪವಲ್ಲ. ಬರೀ ಫಾಸ್ಟಿಂಗ್ ನೋಡಿ ವಾಪಸ್ ಬಂದರೆ ಇದು ತಪ್ಪಿಹೋಗುತ್ತದೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಲಭ, ಉಪವಾಸ ಬೇಡ. ಆದರೆ ರಕ್ತಹೀನತೆ ಇದ್ದರೆ ಅದರ ಅಂಕಿ ನಂಬುವ ಹಾಗಿಲ್ಲ. ಕರ್ನಾಟಕದ ಹೆಂಗಸರಲ್ಲಿ ಅರ್ಧದ ಹತ್ತಿರ ಜನರಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಿಮೋಗ್ಲೋಬಿನ್ ಜೊತೆಗೇ ನೋಡಿಸಿ.

ಊಟ: ಮುದ್ದೆ, ರೊಟ್ಟಿ, ಕಾಫಿ

‘ಶುಗರ್‌ಗೆ ರಾಗಿ ಒಳ್ಳೇದು’ ಅಂತ ಎರಡೆರಡು ಮುದ್ದೆ ನುಂಗುವವರಿದ್ದಾರೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. ಆದರೂ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ, ಅದೂ ನುಣ್ಣಗೆ ಬೀಸಿದ್ದು. ಗಂಜಿ ಮಾಡಿದರೆ ಇನ್ನೂ ಬೇಗ ಸಕ್ಕರೆ ಆಗುತ್ತದೆ. ಮುದ್ದೆ ಬಿಡಬೇಕಿಲ್ಲ, ಚಿಕ್ಕದಾಗಲಿ, ಜೊತೆಗೆ ಹುರುಳಿಕಾಳಿನ ಸಾರು, ಬಸ್ಸಾರಿನ ಸೊಪ್ಪಿನ ಪಲ್ಯ ದೊಡ್ಡದಾಗಲಿ. ಮಲೆನಾಡಿನ ಕಡೆ ಅಕ್ಕಿರೊಟ್ಟಿ, ಕಡುಬಿಗೂ ಇದೇ ಮಾತು. ಕಾಳು, ಮೊಟ್ಟೆ, ಮೀನು ಕಡಿಮೆ ಮಾಡಿ ಅಕ್ಕಿ ಜಾಸ್ತಿ ಮಾಡುವ ಊಟ ಇನ್ಸುಲಿನ್‌ಗೆ ಕೆಲಸ ಹೆಚ್ಚಿಸುತ್ತದೆ. ಪಲ್ಯ, ಕಾಳು ಮೊದಲು ತಿಂದು ಅನ್ನ ಆಮೇಲೆ ತಿಂದರೂ ಸಕ್ಕರೆಯ ಏರಿಕೆ ಸ್ವಲ್ಪ ತಗ್ಗುತ್ತದೆ.

ಕಾಫಿಯ ಲೆಕ್ಕ ಯಾರೂ ಹಾಕುವುದಿಲ್ಲ. ತೋಟದ ಮನೆಗಳಲ್ಲಿ ದಿನಕ್ಕೆ ಐದು ಲೋಟ ಸಲೀಸು. ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ ಅಂದರೂ 40 ಗ್ರಾಂ ಆಯಿತು. ಮೇಲಿನಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಫಿ ತಪ್ಪಲ್ಲ, ಸಕ್ಕರೆ ತಪ್ಪು. ಬೆಲ್ಲ ಹಾಕಿದರೆ ಬಚಾವ್ ಅನ್ನುವಂತಿಲ್ಲ, ಬೆಲ್ಲದಲ್ಲಿ ಇರುವುದೂ ಹೆಚ್ಚಾಗಿ ಅದೇ ಸಕ್ಕರೆ.

ಸ್ನಾಯುವಿಗೆ ಹಿಂಬಾಗಿಲೂ ಇದೆ

ಇಡೀ ವಿಷಯದಲ್ಲಿ ನನಗೆ ಹೆಚ್ಚು ಸಮಾಧಾನ ಕೊಡುವುದು ಇದು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಹೇಳಲಿ ಅಂತ ಕಾಯುವುದಿಲ್ಲ. ಸ್ನಾಯು ಹಿಗ್ಗಿ ಕುಗ್ಗುವುದೇ ಇನ್ನೊಂದು ಸಂದೇಶವಾಗಿ ಸಕ್ಕರೆ ಒಳಗೆ ಹೋಗುತ್ತದೆ. ಇನ್ಸುಲಿನ್ ಮಾತು ಕೇಳದ ಸ್ನಾಯುವೂ ನಡಿಗೆಯ ಮಾತು ಕೇಳುತ್ತದೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಉಪಯೋಗ ಇದೆ. ವ್ಯಾಯಾಮ ಮುಗಿದ ಮೇಲೂ ಒಂದು ದಿನದ ಮಟ್ಟಿಗೆ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಓಗೊಡುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ಮುಳ್ಳಯ್ಯನಗಿರಿ ಹತ್ತಿ ವಾರವಿಡೀ ಕೂರುವುದಕ್ಕಿಂತ ದಿನ ಬಿಟ್ಟು ದಿನ ನಡೆಯುವುದು ಲೇಸು.

ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಬಿರುಸಿನ ನಡಿಗೆ, ಜೊತೆಗೆ ಎರಡು ದಿನ ಸ್ನಾಯುವಿಗೆ ಭಾರ ಬೀಳುವ ಕೆಲಸ, ಇದು ಶಿಫಾರಸು. ಜಿಮ್ಮೇ ಬೇಕಿಲ್ಲ. ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಎರಡು ಕೊಡ ನೀರು ಹೊರುವುದು ಎಲ್ಲವೂ ಸ್ನಾಯುವಿಗೆ ಒಂದೇ. ತೂಕ ಜಾಸ್ತಿ ಇರುವವರು ಅದರಲ್ಲಿ ನೂರಕ್ಕೆ ಐದು ಪಾಲು ಇಳಿಸಿದರೂ, ಅಂದರೆ 70 ಕಿಲೋ ಇದ್ದವರು ಮೂರೂವರೆ ಕಿಲೋ ಇಳಿಸಿದರೂ, ಹಲವರಿಗೆ ಮುಟ್ಟು ಸರಿಹೋಗುತ್ತದೆ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ರೆಸಿಸ್ಟೆನ್ಸ್ ಕಡಿಮೆ ಆಗುತ್ತದೆ. ತಕ್ಕಡಿ ನೋಡಿ ಬೇಜಾರಾಗಿ ನಡಿಗೆ ನಿಲ್ಲಿಸುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

‘ಶುಗರ್ ಮಾತ್ರೆ ಬರೆದಿದ್ದಾರೆ, ನನಗೆ ಶುಗರ್ ಬಂತಾ?’

ಮೆಟ್‌ಫಾರ್ಮಿನ್ ನೋಡಿದ ಕೂಡಲೇ ಬರುವ ಪ್ರಶ್ನೆ ಇದು. ಶುಗರ್ ಇಲ್ಲದಿದ್ದರೂ ಇದನ್ನು ಕೊಡುತ್ತಾರೆ. ಲಿವರ್ ಸಕ್ಕರೆ ತಯಾರಿಸುವುದನ್ನು ಇದು ತಗ್ಗಿಸುತ್ತದೆ, ಹಾಗಾಗಿ ಗ್ರಂಥಿ ಅಷ್ಟೊಂದು ಇನ್ಸುಲಿನ್ ಬಿಡಬೇಕಾಗುವುದಿಲ್ಲ. ಇದೊಂದನ್ನೇ ತೆಗೆದುಕೊಂಡರೆ ಶುಗರ್ ಲೋ ಆಗುವುದು ತೀರಾ ಅಪರೂಪ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಭೇದಿ ಆಗುವುದು ಉಂಟು. ಅದಕ್ಕೇ ಕಡಿಮೆ ಡೋಸ್‌ನಲ್ಲಿ, ಊಟದ ಜೊತೆ ಶುರು ಮಾಡುತ್ತಾರೆ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆ ಆಗಬಹುದು, ಸಸ್ಯಾಹಾರಿಗಳು ಆಗಾಗ ನೋಡಿಸಿಕೊಳ್ಳಬೇಕು.

ಮುಟ್ಟು ಸರಿಮಾಡಲು ಕೊಡುವ ಹಾರ್ಮೋನ್ ಮಾತ್ರೆ, ಅಂದರೆ ಗರ್ಭನಿರೋಧಕ ಮಾತ್ರೆ, ಬೇರೆ ಕೆಲಸ ಮಾಡುತ್ತದೆ. ಅದರಲ್ಲಿರುವ ಈಸ್ಟ್ರೊಜನ್ ಲಿವರ್‌ಗೆ ಎಸ್‌ಎಚ್‌ಬಿಜಿ ಹೆಚ್ಚಿಸಲು ಹೇಳುತ್ತದೆ. ಬಿಡಿಯಾಗಿ ಓಡಾಡುವ ಟೆಸ್ಟೊಸ್ಟೆರಾನ್ ಇಳಿದು ಮೊಡವೆ, ಮುಖದ ಕೂದಲು ತಗ್ಗುತ್ತವೆ. ಇನ್ಸುಲಿನ್ ಮೂಲ ಹಾಗೇ ಉಳಿದಿದ್ದರೆ ಮಾತ್ರೆ ಬಿಟ್ಟ ಮೇಲೆ ಮುಟ್ಟು ಮತ್ತೆ ತಪ್ಪಬಹುದು. ಅದು ಮಾತ್ರೆಗೆ ದಾಸರಾಗಿದ್ದಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಬಿಪಿ, ಕೆಲವು ಬಗೆಯ ಮೈಗ್ರೇನ್ ಇದ್ದವರಿಗೆ ಈ ಮಾತ್ರೆ ಆಗುವುದಿಲ್ಲ. ಅಕ್ಕನ ಚೀಟಿ ತೋರಿಸಿ ತಂಗಿಗೆ ಮೆಡಿಕಲ್‌ನಿಂದ ತರುವುದು ಬೇಡ.

ಮೂರು ತಿಂಗಳು ಮುಟ್ಟು ಬರಲಿಲ್ಲ ಅಂದರೆ ‘ಆರಾಮಾಯಿತು’ ಅಂತ ಬಿಡಬಾರದು. ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋದರೆ ವರ್ಷಗಳ ನಂತರ ಅಲ್ಲಿ ಕ್ಯಾನ್ಸರ್‌ನ ಸಾಧ್ಯತೆ ಹೆಚ್ಚುತ್ತದೆ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ, ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ, ಖಾಸಗಿಗೇ ಓಡಬೇಕಿಲ್ಲ.

ಮದುವೆ, ಮಗು

‘ಮದುವೆ ಆದರೆ ಎಲ್ಲ ಸರಿಹೋಗುತ್ತೆ’ ಅನ್ನುವ ಮಾತಿಗೆ ಆಧಾರ ಇಲ್ಲ. ‘ಮಗು ಆಗಲ್ಲ’ ಅನ್ನುವುದಕ್ಕೂ ಇಲ್ಲ. ಪಿಸಿಒಎಸ್ ಇರುವ ಹೆಚ್ಚಿನವರಿಗೆ ತಾವಾಗಿಯೋ ಚಿಕಿತ್ಸೆಯಿಂದಲೋ ಮಗು ಆಗುತ್ತದೆ. ಅಂಡ ಬಿಡುಗಡೆಗೆ ಮೊದಲು ಕೊಡುವ ಮಾತ್ರೆ ಲೆಟ್ರೊಜೋಲ್. ಮುಟ್ಟು ಬರದ ತಿಂಗಳುಗಳಲ್ಲೂ ಎಂದಾದರೊಂದು ದಿನ ಅಂಡ ಹೊರಬರಬಹುದು, ಆದ್ದರಿಂದ ಮಗು ಸದ್ಯಕ್ಕೆ ಬೇಡ ಅನ್ನುವವರೂ ಮೈಮರೆಯಬಾರದು.

ಬಸುರಿಯಲ್ಲಿ ಇನ್ಸುಲಿನ್ ರೆಸಿಸ್ಟೆನ್ಸ್ ಎಲ್ಲ ಹೆಂಗಸರಲ್ಲೂ ತಾನಾಗಿ ಏರುತ್ತದೆ. ಮೊದಲೇ ಇದ್ದವರಿಗೆ ಅದರ ಮೇಲೆ ಇನ್ನೊಂದು ಹೊರೆ, ಹಾಗಾಗಿ ಗರ್ಭಿಣಿಯರ ಶುಗರ್ ಇವರಲ್ಲಿ ಹೆಚ್ಚು. ತಾಯಿ ಕಾರ್ಡ್ ಮಾಡಿಸುವ ಮೊದಲ ಭೇಟಿಯಲ್ಲೇ ಪಿಸಿಒಎಸ್ ಇದೆ ಅಂತ ಆಶಾ ಕಾರ್ಯಕರ್ತೆಗೋ ಡಾಕ್ಟರ್‌ಗೋ ಹೇಳಿ. ಗ್ಲೂಕೋಸ್ ಟೆಸ್ಟ್ ಆ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ ಆಗಬೇಕು. ಶುಗರ್ ಬಂದಿದ್ದರೆ ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ. ಬಸುರಿ ಅಲ್ಲದವರು ಒಂದರಿಂದ ಮೂರು ವರ್ಷಕ್ಕೊಮ್ಮೆ ಜಿಟಿಟಿ, ವರ್ಷಕ್ಕೊಮ್ಮೆ ಬಿಪಿ ನೋಡಿಸಿದರೆ ಸಾಕು. ಎಷ್ಟು ಬೇಗ ಬೇಕು ಅನ್ನುವುದನ್ನು ತೂಕ, ಮನೆತನದ ಶುಗರ್, ಹಿಂದಿನ ರಿಪೋರ್ಟ್ ನೋಡಿ ಡಾಕ್ಟರ್ ಹೇಳುತ್ತಾರೆ.